ವಿಶ್ವವಿದ್ಯಾನಿಲಯವೂ ಬಹಿಃಸಂಸ್ಥೆಗಳೂ: ಕನ್ನಡ ನಾಡಿನಲ್ಲಿ ಮಾನವಿಕ ವಿದ್ಯೆಗಳ ಸಹಯೋಗ

ಭಾಷೆ, ಸಾಹಿತ್ಯ, ಇತಿಹಾಸ, ತತ್ತ್ವಶಾಸ್ತ್ರ, ಜಾನಪದ, ಸಂಗೀತ, ನಾಟಕ, ಶಿಲ್ಪ ಮೊದಲಾದ ವಿಷಯಗಳ ಅಧ್ಯಯನದಲ್ಲಿ ವಿಶ್ವವಿದ್ಯಾನಿಲಯವು ತನ್ನ ಆವರಣದ ಹೊರಗಿರುವ ಸಾಹಿತ್ಯ ಪರಿಷತ್ತು, ಮಠ, ಬಸದಿ, ಗ್ರಂಥಭಾಂಡಾರ, ವಸ್ತುಸಂಗ್ರಹಾಲಯ, ರಂಗಸಂಸ್ಥೆ, ಸರ್ಕಾರದ ಇಲಾಖೆ, ದತ್ತಿನಿಧಿ ಇತ್ಯಾದಿಗಳೊಡನೆ ಕೂಡಿ ನಡೆಸುವ ಕಾರ್ಯವನ್ನು ಮಾನವಿಕ ವಿದ್ಯೆಗಳ ಸಹಯೋಗವೆಂದು ಕರೆಯಬಹುದು. ರಸಾಯನ ವಿಜ್ಞಾನಿಗೆ ಬೇಕಾದ ದ್ರವ್ಯವು ಬಹುಮಟ್ಟಿಗೆ ಅವನ ಪ್ರಯೋಗಶಾಲೆಯಲ್ಲಿಯೇ ದೊರೆಯುತ್ತದೆ. ಕನ್ನಡ ವಿದ್ವಾಂಸನಿಗೆ ಬೇಕಾದ ಓಲೆಗರಿಯ ಕಟ್ಟು ಯಾವುದೋ ಬಸದಿಯ ಪೆಟ್ಟಿಗೆಯಲ್ಲಿರುತ್ತದೆ, ಶಾಸನದ ಕಲ್ಲು ಯಾವನೋ ರೈತನ ಹೊಲದ ಬದುವಿನಲ್ಲಿರುತ್ತದೆ, ಕಾವ್ಯವು ಯಾವ ಪುಸ್ತಕದಲ್ಲಿಯೂ ಇಲ್ಲದೆ ಒಬ್ಬ ಗಾಯಕನ ಕಂಠದಲ್ಲಿಯೇ ಇರುತ್ತದೆ. ಆದಕಾರಣ ಈ ಕ್ಷೇತ್ರದಲ್ಲಿ ಸಹಯೋಗವೆಂಬುದು ವಿದ್ಯಾವಂತರು ಜನಸಾಮಾನ್ಯರಿಗೆ ತೋರುವ ಔದಾರ್ಯವಲ್ಲ. ಅದಿಲ್ಲದೆ ವಿದ್ಯೆಗೆ ಆಧಾರವೇ ಇರದು. ಕನ್ನಡ ನಾಡಿನ ವಿಶ್ವವಿದ್ಯಾನಿಲಯಗಳ ಒಂದು ಶತಮಾನದ ಚರಿತ್ರೆಯನ್ನು ಪರಿಶೀಲಿಸಿದರೆ ಅವು ಹೊರಗಿನವರಿಗೆ ಕೊಟ್ಟುದಕ್ಕಿಂತ ಹೊರಗಿನವರಿಂದ ಪಡೆದುದೇ ಅಧಿಕವೆಂಬುದು ಸ್ಪಷ್ಟವಾಗುತ್ತದೆ.

ವಿಶ್ವವಿದ್ಯಾನಿಲಯವು ತನ್ನ ಗೋಡೆಯನ್ನು ದಾಟಬೇಕೆಂಬ ವಿಚಾರವು ಆಧುನಿಕ ರೂಪದಲ್ಲಿ ಮೊದಲು ವ್ಯವಸ್ಥಿತವಾದುದು ಇಂಗ್ಲೆಂಡಿನಲ್ಲಿ. ಜೇಮ್ಸ್ ಸ್ಟುವರ್ಟನ ಪ್ರಯತ್ನದಿಂದ ಕೇಂಬ್ರಿಜ್ ವಿಶ್ವವಿದ್ಯಾನಿಲಯವು 1873ರಲ್ಲಿ ನಾಟಿಂಗ್‌ಹ್ಯಾಂ, ಡರ್ಬಿ, ಲೆಸ್ಟರ್ ನಗರಗಳಲ್ಲಿ ವಿಸ್ತರಣೋಪನ್ಯಾಸಗಳನ್ನು ಪ್ರಾರಂಭಿಸಿತು. 1903ರಲ್ಲಿ ಆಲ್ಬರ್ಟ್ ಮ್ಯಾನ್ಸ್‌ಬ್ರಿಜ್ ಸ್ಥಾಪಿಸಿದ ಕಾರ್ಮಿಕರ ಶಿಕ್ಷಣ ಸಂಘವು ಆಕ್ಸ್‌ಫರ್ಡಿನೊಡನೆ ಕೂಡಿದುದರ ಫಲವಾಗಿ 1908ರಲ್ಲಿ ರಾಚ್‌ಡೇಲ್ ಮತ್ತು ಲಾಂಗ್ಟನ್ ಎಂಬ ದುಡಿಮೆಗಾರರ ಪಟ್ಟಣಗಳಲ್ಲಿ ಇತಿಹಾಸಕಾರ ಆರ್. ಎಚ್. ಟಾನಿಯ ಪಾಠಗಳು ನಡೆದುವು. ಅಲ್ಲಿ ಪಾಠದ ವಿಷಯವನ್ನು ನಿರ್ಣಯಿಸುವುದರಲ್ಲಿ ವಿದ್ಯಾರ್ಥಿಗಳಾದ ಕಾರ್ಮಿಕರಿಗೂ ಅಧಿಕಾರವಿದ್ದುದು ಗಮನಾರ್ಹವಾದುದು. ಈ ಆಂದೋಲನದ ವಾರ್ತೆ ಭಾರತಕ್ಕೂ ಬಂದಿತು. ಆದರೆ ಮೈಸೂರಿನಲ್ಲಿ ಅದು ಬೇರೂರಿದ ನೆಲ ಬೇರೆಯಾದುದು.

ಮೈಸೂರು ವಿಶ್ವವಿದ್ಯಾನಿಲಯವು ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ, ಸರ್ ಎಂ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, 1916ರ ಜುಲೈ 27ರಂದು ಸ್ಥಾಪಿತವಾಯಿತು. ಅದಕ್ಕೆ ಒಂದು ವರ್ಷ ಮೊದಲು, 1915ರ ಮೇ ತಿಂಗಳಿನಲ್ಲಿ, ಬೆಂಗಳೂರಿನಲ್ಲಿ ಕನ್ನಡ ಸಾಹಿತ್ಯ ಪರಿಷತ್ತು ಹುಟ್ಟಿತ್ತು. ಈ ಎರಡು ಸಂಸ್ಥೆಗಳ ಸಂಬಂಧವನ್ನು ಕುರಿತು ಯಾವ ಒಡಂಬಡಿಕೆಯೂ ಬೇಕಾಗಿರಲಿಲ್ಲ. ಏಕೆಂದರೆ ಪರಿಷತ್ತಿನ ಪ್ರಥಮಾಧ್ಯಕ್ಷರೂ ವಿಶ್ವವಿದ್ಯಾನಿಲಯದ ಪ್ರಥಮ ಉಪಕುಲಪತಿಗಳೂ ಒಬ್ಬರೇ ಆಗಿದ್ದರು. ಆ ಎಚ್. ವಿ. ನಂಜುಂಡಯ್ಯನವರು ನ್ಯಾಯಾಂಗದಲ್ಲಿಯೂ ಆಡಳಿತದಲ್ಲಿಯೂ ಪಳಗಿದವರು. ಮೈಸೂರು ಸೀಮೆಯ ಜಾತಿಬುಡಕಟ್ಟುಗಳ ವಿವರಣೆಯನ್ನು ಸರ್ಕಾರದ ಪರವಾಗಿ ಕೈಗೊಂಡು, ಅದು ಮುಗಿಯುವ ಮುನ್ನವೇ 1920ರಲ್ಲಿ ನಿಧನ ಹೊಂದಿದರು. ಆ ಕಾರ್ಯವನ್ನು ಎಲ್. ಕೆ. ಅನಂತಕೃಷ್ಣ ಅಯ್ಯರ್ ಪೂರೈಸಿ, ವಿಶ್ವವಿದ್ಯಾನಿಲಯದ ಆಶ್ರಯದಲ್ಲಿ 1928ರಿಂದ 1935ರ ವರೆಗೆ ನಾಲ್ಕು ಸಂಪುಟಗಳಾಗಿ ಪ್ರಕಟಿಸಿದರು. ಹೀಗೆ ಸರ್ಕಾರದ ಕೆಲಸವಾಗಿ ಆರಂಭಗೊಂಡ ವಿದ್ವತ್ಕಾರ್ಯವು ವಿಶ್ವವಿದ್ಯಾನಿಲಯದ ಗ್ರಂಥವಾಗಿ ಮುಕ್ತಾಯವಾದುದು ಆ ಕಾಲದ ರೂಢಿಯೇ ಆಗಿತ್ತು.

ಇದಕ್ಕಿಂತ ಹಳೆಯ ಆಸ್ತಿಯೊಂದು ವಿಶ್ವವಿದ್ಯಾನಿಲಯದ ಕೈಸೇರಿತು. 1891ರಲ್ಲಿ ಚಾಮರಾಜ ಒಡೆಯರು ಸ್ಥಾಪಿಸಿದ್ದ ಪ್ರಾಚ್ಯ ಗ್ರಂಥಾಲಯವು, ಇಂದಿನ ಪ್ರಾಚ್ಯವಿದ್ಯಾ ಸಂಶೋಧನಾಲಯವು, ಊರೂರಿನ ಪಂಡಿತ ಮನೆತನಗಳಿಂದ ಹಸ್ತಪ್ರತಿಗಳನ್ನು ಸಂಪಾದಿಸುತ್ತಿತ್ತು. ತಂಜಾವೂರು ಜಿಲ್ಲೆಯ ಪಂಡಿತನೊಬ್ಬನು ತಂದೊಪ್ಪಿಸಿದ ತಾಡಪತ್ರದ ಕಟ್ಟಿನಲ್ಲಿ ಕೌಟಿಲ್ಯನ ಅರ್ಥಶಾಸ್ತ್ರವಿರುವುದನ್ನು ಗ್ರಂಥಪಾಲಕರಾಗಿದ್ದ ಆರ್. ಶಾಮಶಾಸ್ತ್ರಿಗಳು ಗುರುತಿಸಿ 1909ರಲ್ಲಿ ಮೂಲವನ್ನು ಮುದ್ರಿಸಿದರು. ಭಾರತೀಯ ರಾಜನೀತಿಯ ಇತಿಹಾಸವನ್ನೇ ಬದಲಿಸಿದ ಈ ಗ್ರಂಥದ ಸಂಪಾದಕನ ಹೆಸರು ಲೋಕವಿಖ್ಯಾತವಾಯಿತು. ಕಟ್ಟನ್ನು ಕಾಪಾಡಿಕೊಂಡು ಬಂದು ಕೊಟ್ಟವನ ಹೆಸರು ಉಳಿಯಲಿಲ್ಲ. ಈ ಅಸಮತೆಯು ಮುಂದಿನ ಸಹಯೋಗಗಳಲ್ಲಿಯೂ ಬಹುಕಾಲ ಕಾಣಿಸಿಕೊಂಡಿತಾದುದರಿಂದ ಅದನ್ನು ಇಲ್ಲಿಯೇ ನೆನೆಯುವುದು ಉಚಿತ.

ಪುರಾತತ್ತ್ವದಲ್ಲಿ ವಿಶ್ವವಿದ್ಯಾನಿಲಯಕ್ಕೂ ಸರ್ಕಾರದ ಇಲಾಖೆಗೂ ನಡುವೆ ಇದ್ದ ಎಲ್ಲೆಯೇ ಒಂದು ಕಾಲದಲ್ಲಿ ಅಳಿಸಿಹೋಗಿತ್ತು. ಬಿ. ಎಲ್. ರೈಸ್ ಹನ್ನೆರಡು ಸಂಪುಟಗಳಲ್ಲಿ ಹೊರತಂದ ಎಪಿಗ್ರಾಫಿಯಾ ಕರ್ನಾಟಿಕಾ ಎಂಬ ಶಾಸನಸಂಗ್ರಹವು ಇಲಾಖೆಯ ಕಾರ್ಯ, ಆದರೆ ಎಂ. ಎಚ್. ಕೃಷ್ಣ ಅವರು ವಿಶ್ವವಿದ್ಯಾನಿಲಯದಲ್ಲಿ ಇತಿಹಾಸದ ಪ್ರಾಧ್ಯಾಪಕರೂ ಪುರಾತತ್ತ್ವ ಇಲಾಖೆಯ ನಿರ್ದೇಶಕರೂ ಆಗಿದ್ದ ವರ್ಷಗಳಲ್ಲಿ ತರಗತಿಯೂ ಉತ್ಖನನವೂ ಒಂದೇ ವಿದ್ವಾಂಸನ ಕೈಯಲ್ಲಿದ್ದುವು. ಚಂದ್ರವಳ್ಳಿ, ಬ್ರಹ್ಮಗಿರಿಗಳ ಉತ್ಖನನಗಳೂ ಬೇಲೂರು ತಾಲ್ಲೂಕಿನ ಹಲ್ಮಿಡಿಯ ಶಾಸನದ ಪ್ರಕಟಣೆಯೂ ಆ ಕಾಲಕ್ಕೆ ಸೇರಿದುವು. ಕನ್ನಡದ ಅತಿ ಪ್ರಾಚೀನ ಶಾಸನವೆಂದು ಬಹುಕಾಲ ಮನ್ನಣೆ ಪಡೆದ ಆ ಕಲ್ಲು 1936ರಲ್ಲಿ ವಿದ್ವಲ್ಲೋಕಕ್ಕೆ ಪರಿಚಿತವಾಯಿತು. ಮುಂದೆ ರೈಸರ ಸಂಪುಟಗಳ ಪರಿಷ್ಕರಣವನ್ನು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆಯೇ ವಹಿಸಿಕೊಂಡು, 1972ರಲ್ಲಿ ಕೊಡಗಿನ ಶಾಸನಗಳ ಸಂಪುಟದಿಂದ ಪ್ರಾರಂಭಿಸಿತು.

ಉಪನ್ಯಾಸದ ಮಾರ್ಗದಲ್ಲಿ ಮೈಸೂರು ವಿಶ್ವವಿದ್ಯಾನಿಲಯವು ಮಾಡಿದ ಸೇವೆ ಅಸದೃಶವಾದುದು. 1930ರ ದಶಕದಲ್ಲಿ ಆರಂಭವಾದ ಪ್ರಚಾರೋಪನ್ಯಾಸಗಳಲ್ಲಿ ಅಧ್ಯಾಪಕರು ತಾಲ್ಲೂಕು ಕೇಂದ್ರಗಳಿಗೂ ಹಳ್ಳಿಗಳಿಗೂ ಹೋಗಿ ಕನ್ನಡದಲ್ಲಿಯೇ ಸಾಹಿತ್ಯ, ಚರಿತ್ರೆ, ವಿಜ್ಞಾನಗಳನ್ನು ಕುರಿತು ಮಾತನಾಡಿದರು. ಆ ಭಾಷಣಗಳು ಅಲ್ಪ ಬೆಲೆಯ ಪುಸ್ತಕಗಳಾಗಿ ಪ್ರಚಾರ ಪುಸ್ತಕಮಾಲೆಯಲ್ಲಿ ಅಚ್ಚಾದುವು. ಇದರಲ್ಲಿ ಊರಿನ ಶಾಲೆ, ವಾಚನಾಲಯ, ಯುವಕ ಸಂಘಗಳು ಆತಿಥೇಯರು. ಸಭೆ ಕೂಡಿಸುವುದು, ಉಪನ್ಯಾಸಕರಿಗೆ ಊಟ ವಸತಿ ಒದಗಿಸುವುದು, ಯಾವ ವಿಷಯ ಬೇಕೆಂದು ಕೇಳುವುದು ಅವರ ಭಾಗಕ್ಕೆ ಬಂದ ಕಾರ್ಯ. ಮುಂದೆ ಪ್ರಸಾರಾಂಗವೆಂದು ಹೆಸರಾದ ಈ ವಿಭಾಗದ ಮಾದರಿಯನ್ನು ಕರ್ನಾಟಕದ ಇತರ ವಿಶ್ವವಿದ್ಯಾನಿಲಯಗಳೂ ಅನುಸರಿಸಿದುವು. ವಿಶ್ವವಿದ್ಯಾನಿಲಯದಲ್ಲಿ ಇಂಗ್ಲಿಷಿನ ಪ್ರಾಧ್ಯಾಪಕರೂ ಒಮ್ಮೆ ರಿಜಿಸ್ಟ್ರಾರರೂ ಆಗಿದ್ದ ಬಿ. ಎಂ. ಶ್ರೀಕಂಠಯ್ಯನವರು ಪರಿಷತ್ತಿನ ಉಪಾಧ್ಯಕ್ಷರಾಗಿ ಅಲ್ಲಿಯೂ ಇಷ್ಟೇ ಉತ್ಸಾಹದಿಂದ ದುಡಿದುದನ್ನು ನೋಡಿದರೆ, ಆ ತಲೆಮಾರಿನವರಿಗೆ ಒಳಗು ಹೊರಗೆಂಬ ಭೇದವೇ ತೋರುತ್ತಿರಲಿಲ್ಲವೆಂದು ಹೇಳಬೇಕು.

ಈ ಐಕ್ಯದ ಮಹತ್ಫಲಗಳು ನಿಘಂಟುಗಳು. ಶ್ರೀಕಂಠಯ್ಯನವರ ನೇತೃತ್ವದಲ್ಲಿ ಸಿದ್ಧವಾದ ಇಂಗ್ಲಿಷ್–ಕನ್ನಡ ನಿಘಂಟನ್ನು ವಿಶ್ವವಿದ್ಯಾನಿಲಯವು 1946ರಲ್ಲಿ ಪ್ರಕಟಿಸಿತು. ಕನ್ನಡ–ಕನ್ನಡ ನಿಘಂಟನ್ನಾದರೋ ಪರಿಷತ್ತು ಸರ್ಕಾರದ ಧನಸಹಾಯದಿಂದ ಕೈಗೊಂಡಿತು. ಶಾಸನಗಳಿಂದಲೂ ಪ್ರಾಚೀನ ಕಾವ್ಯಗಳಿಂದಲೂ ಪ್ರಯೋಗಗಳನ್ನು ಚೀಟಿಗಳಲ್ಲಿ ಬರೆದು ಅಕಾರಾದಿಯಾಗಿ ಜೋಡಿಸಿ, ಒಂದೊಂದು ಶಬ್ದದ ಅರ್ಥಪರಿಣಾಮವನ್ನು ಕಾಲಾನುಕ್ರಮದಲ್ಲಿ ತೋರಿಸುವ ಈ ಕೆಲಸವು ಎರಡು ತಲೆಮಾರಿನ ವಿದ್ವಾಂಸರನ್ನು ಹಿಡಿದಿಟ್ಟಿತು. ಮೈಸೂರಿನ ಕನ್ನಡ ಪ್ರಾಧ್ಯಾಪಕರಾಗಿದ್ದ ಡಿ. ಎಲ್. ನರಸಿಂಹಾಚಾರ್ಯರು ಪ್ರಧಾನ ಸಂಪಾದಕರಾಗಿದ್ದು, ಪ್ರಥಮ ಸಂಪುಟವು 1970ರಲ್ಲಿ ಹೊರಬಂದ ಮರುವರ್ಷವೇ ತೀರಿಕೊಂಡರು, ಅನಂತರ ಜಿ. ವೆಂಕಟಸುಬ್ಬಯ್ಯನವರು ಆ ಭಾರವನ್ನು ಹೊತ್ತು 1995ರಲ್ಲಿ ಎಂಟನೆಯ ಸಂಪುಟದೊಡನೆ ಕಾರ್ಯವನ್ನು ಪೂರೈಸಿದರು. ವಿದ್ವತ್ತು ವಿಶ್ವವಿದ್ಯಾನಿಲಯದ್ದು, ಆಶ್ರಯ ಪರಿಷತ್ತಿನದು, ಹಣ ಸರ್ಕಾರದ್ದು. ಈ ಮೂರರಲ್ಲಿ ಯಾವುದೊಂದು ತಪ್ಪಿದ್ದರೂ ಇಂಥ ಗ್ರಂಥ ಸಾಧ್ಯವಾಗುತ್ತಿರಲಿಲ್ಲ. ನಾಡಿನ ಹೊರಗೆ ನಡೆದ ಕೆಲಸವೊಂದನ್ನೂ ಇದರೊಡನೆ ಸ್ಮರಿಸಬೇಕು: ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಲ್ಲಿ 1894ರಲ್ಲಿ ಅಚ್ಚಾದ ಕಿಟ್ಟೆಲ್ಲರ ಕನ್ನಡ–ಇಂಗ್ಲಿಷ್ ನಿಘಂಟನ್ನು ಎಂ. ಮರಿಯಪ್ಪ ಭಟ್ಟರು ಪರಿಷ್ಕರಿಸಿ ವಿಸ್ತರಿಸಿದಾಗ ಅದನ್ನು 1968ರಿಂದ 1971ರ ವರೆಗೆ ನಾಲ್ಕು ಸಂಪುಟಗಳಲ್ಲಿ ಪ್ರಕಟಿಸಿದುದು ಮದರಾಸು ವಿಶ್ವವಿದ್ಯಾನಿಲಯ.

ಉತ್ತರ ಕರ್ನಾಟಕದಲ್ಲಿ ಕ್ರಮವೇ ಬೇರೆ. ಅಲ್ಲಿ ವಿಶ್ವವಿದ್ಯಾನಿಲಯವು ಕೊನೆಗೆ ಬಂದಿತು, ಸಂಘಸಂಸ್ಥೆಗಳು ಮೊದಲು ಬಂದುವು. ಆರ್. ಎಚ್. ದೇಶಪಾಂಡೆಯವರ ಪ್ರಯತ್ನದಿಂದ ಧಾರವಾಡದಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘವು ಸ್ಥಾಪಿತವಾದುದು 1890ರಲ್ಲಿ. ಮುಂಬಯಿ ಸರ್ಕಾರದ ಕನ್ನಡ ಸಂಶೋಧನ ಸಂಸ್ಥೆ 1939ರಲ್ಲಿ. ಕರ್ನಾಟಕ ವಿಶ್ವವಿದ್ಯಾಲಯವಾದರೋ 1949ರಲ್ಲಿ. ಸಂಶೋಧನ ಸಂಸ್ಥೆಯು ಅನಂತರ ವಿಶ್ವವಿದ್ಯಾಲಯದ ಅಂಗವಾಯಿತು. ವಿಜಾಪುರದ ವಕೀಲರಾದ ಫ. ಗು. ಹಳಕಟ್ಟಿಯವರು ಯಾವ ವಿದ್ಯಾಪೀಠದ ನೆರವೂ ಇಲ್ಲದೆ ಮನೆಮನೆ ತಿರುಗಿ ವಚನದ ಕಟ್ಟುಗಳನ್ನು ಕೂಡಿಸಿ, 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗವನ್ನು ಪ್ರಕಟಿಸಿ, ಗ್ರಂಥಪ್ರಕಟನೆಗಾಗಿ ಸ್ವಂತ ಮುದ್ರಣಾಲಯವನ್ನು ಹೂಡಿ, ಸಂಸಾರದ ಸುಖವನ್ನೆಲ್ಲ ಅದಕ್ಕೆ ಸಮರ್ಪಿಸಿದರು. ವಿಶ್ವವಿದ್ಯಾಲಯದ ವಿದ್ವಾಂಸರು ಮುಂದೆ ವಚನಗಳ ಶಾಸ್ತ್ರೀಯ ಸಂಪಾದನೆಯನ್ನು ನಡೆಸಿದುದು ಈ ಏಕಾಂಗಿ ಸಾಹಸದ ತಳಹದಿಯ ಮೇಲೆ. ಮಠಗಳ ಪಾತ್ರವೂ ಇಲ್ಲಿ ಗಣನೀಯವಾದುದು: ಗದುಗಿನ ತೋಂಟದಾರ್ಯ ಮಠದ ವೀರಶೈವ ಅಧ್ಯಯನ ಸಂಸ್ಥೆಯು ಎಂ. ಎಂ. ಕಲಬುರ್ಗಿ ಮೊದಲಾದವರ ಸಂಶೋಧನೆಯನ್ನು ಅಚ್ಚುಗೊಳಿಸಿತು. ಕಲಬುರ್ಗಿಯವರ ಪ್ರಧಾನ ಸಂಪಾದಕತ್ವದಲ್ಲಿಯೇ ಸರ್ಕಾರದ ಕನ್ನಡ ಮತ್ತು ಸಂಸ್ಕೃತಿ ಇಲಾಖೆಯು ಸಮಗ್ರ ವಚನಗಳನ್ನು ಹದಿನೈದು ಸಂಪುಟಗಳಾಗಿ ತಂದಿತು.

ಜೈನ ಭಾಂಡಾರಗಳ ಕಥೆ ಸಹಯೋಗಕ್ಕೆ ಎಷ್ಟು ತಾಳ್ಮೆ ಬೇಕೆಂಬುದನ್ನು ತಿಳಿಸುತ್ತದೆ. ಮೂಡುಬಿದಿರೆಯ ಸಿದ್ಧಾಂತ ಬಸದಿಯಲ್ಲಿ ಕನ್ನಡ ಲಿಪಿಯ ಓಲೆಗಳಲ್ಲಿದ್ದ ಷಟ್ಖಂಡಾಗಮದ ಧವಲಾ ಟೀಕೆಯು ಶತಮಾನಗಳ ಕಾಲ ದರ್ಶನಯೋಗ್ಯವಾದ ಪವಿತ್ರ ವಸ್ತುವಾಗಿತ್ತೇ ಹೊರತು ಓದುವ ಗ್ರಂಥವಾಗಿರಲಿಲ್ಲ. ಹೊರಗಿನವರಿಗೆ ಅದರ ಪ್ರತಿಯು ಸಿಕ್ಕುವುದೇ ದುರ್ಲಭವಾಗಿತ್ತು. ಅಮರಾವತಿಯ ಕಾಲೇಜಿನ ಪ್ರಾಧ್ಯಾಪಕ ಹೀರಾಲಾಲ ಜೈನರು, ಕೊಲ್ಹಾಪುರದ ರಾಜಾರಾಮ ಕಾಲೇಜಿನ ಆ. ನೇ. ಉಪಾಧ್ಯೆಯವರ ಸಹಕಾರದಿಂದಲೂ ವಿದಿಶೆಯ ವರ್ತಕರೊಬ್ಬರ ದತ್ತಿಯಿಂದಲೂ, 1939ರಲ್ಲಿ ಅದರ ಪ್ರಕಟನೆಯನ್ನು ಆರಂಭಿಸಿದರು. ಮುಂದೆ ಮೂಡುಬಿದಿರೆಯವರೂ ಒಪ್ಪಿ ಮೂಲದ ಓಲೆಗಳೊಡನೆ ಪಾಠವನ್ನು ಹೋಲಿಸಲು ಅವಕಾಶವಿತ್ತುದರಿಂದ ಆ ಹದಿನಾರು ಸಂಪುಟಗಳಿಗೆ ಪ್ರಾಮಾಣ್ಯವು ಲಭಿಸಿತು. ಭಕ್ತರು ದೇವರಂತೆ ಕಾಪಾಡಿದ ಗ್ರಂಥವನ್ನು ವಿದ್ವಾಂಸರು ಕೇಳಿದಾಗ ಒಡನೆಯೇ ಕೊಡಲಿಲ್ಲವೆಂದು ದೂರುವುದು ಸುಲಭ; ಆದರೆ ಅವರು ಹಾಗೆ ಕಾಪಾಡದಿದ್ದರೆ ಕೇಳಲು ಏನೂ ಉಳಿಯುತ್ತಿರಲಿಲ್ಲ. 1944ರಲ್ಲಿ ಸ್ಥಾಪಿತವಾದ ಭಾರತೀಯ ಜ್ಞಾನಪೀಠವು 1948ರಲ್ಲಿ ಪಂಡಿತ ಕೆ. ಭುಜಬಲಿ ಶಾಸ್ತ್ರಿಗಳು ಸಿದ್ಧಪಡಿಸಿದ ಕನ್ನಡ ನಾಡಿನ ತಾಡಪತ್ರ ಗ್ರಂಥಗಳ ಸೂಚಿಯನ್ನು ಪ್ರಕಟಿಸಿತು. ಬೆಳಗಾವಿ ಜಿಲ್ಲೆಯ ಸದಲಗೆಯವರಾದ ಉಪಾಧ್ಯೆಯವರು ಜೀವಿತದ ಕೊನೆಯಲ್ಲಿ ಮೈಸೂರು ವಿಶ್ವವಿದ್ಯಾನಿಲಯಕ್ಕೆ ಬಂದು ಜೈನಶಾಸ್ತ್ರ ಮತ್ತು ಪ್ರಾಕೃತದ ಪ್ರಾಧ್ಯಾಪಕರಾದರು.

ಕನ್ನಡ ನಾಡಿನ ಮಾನವಿಕ ಸಹಯೋಗಗಳಲ್ಲೆಲ್ಲ ಅತ್ಯಂತ ಪರಿಪೂರ್ಣವಾದುದು ಕರಾವಳಿಯಲ್ಲಿ ನಡೆದ, ತುಳು ಭಾಷೆಯ ಮೌಖಿಕ ಸಿರಿ ಮಹಾಕಾವ್ಯದ ದಾಖಲೀಕರಣವೆಂದು ಈ ಲೇಖಕನ ಅಭಿಪ್ರಾಯ. ತುಳುನಾಡಿನ ಪಾಡ್ದನಗಳೆಂಬ ಮೌಖಿಕ ಕಥನಗೀತೆಗಳನ್ನು ಹತ್ತೊಂಬತ್ತನೆಯ ಶತಮಾನದಲ್ಲಿಯೇ ಬಾಸೆಲ್ ಮಿಷನ್ನಿನ ಮ್ಯಾನರ್, ಆಂಗ್ಲ ಅಧಿಕಾರಿ ಬರ್ನೆಲ್ ಮೊದಲಾದವರು ಬರೆಸಿಕೊಂಡಿದ್ದರು. ಮ್ಯಾನರನ ‘ಪಾಡ್ದನೊಳು’ ಮಂಗಳೂರಿನಲ್ಲಿ 1886ರಲ್ಲಿ ಅಚ್ಚಾಯಿತು. ಆ ಕಾಲದಲ್ಲಿ ಹಾಡನ್ನು ಜನಾಂಗದ ಸೊತ್ತೆಂದು ಭಾವಿಸುತ್ತಿದ್ದುದರಿಂದ ಹಾಡಿದವನ ಹೆಸರನ್ನು ಮುಖಪುಟಕ್ಕೆ ತರುವ ಪದ್ಧತಿಯಿರಲಿಲ್ಲ. ಒಂದು ಶತಮಾನದ ತರುವಾಯ ಉಡುಪಿಯ ಮಹಾತ್ಮಾ ಗಾಂಧಿ ಸ್ಮಾರಕ ಕಾಲೇಜಿನಲ್ಲಿ, ಪ್ರಾಂಶುಪಾಲರಾಗಿದ್ದ ಕು. ಶಿ. ಹರಿದಾಸ ಭಟ್ಟರ ದೂರದೃಷ್ಟಿಯಿಂದ, ಗೋವಿಂದ ಪೈ ಸಂಶೋಧನ ಕೇಂದ್ರವೂ ಫೋರ್ಡ್ ಪ್ರತಿಷ್ಠಾನದ ನೆರವು ಪಡೆದ ಪ್ರಾದೇಶಿಕ ಜಾನಪದ ರಂಗಕಲೆಗಳ ಅಧ್ಯಯನ ಕೇಂದ್ರವೂ ಬೆಳೆದುವು. ಮೊದಲನೆಯದರಲ್ಲಿ ಯು. ಪಿ. ಉಪಾಧ್ಯಾಯರು ಸರ್ಕಾರದ ಧನದಿಂದ ಆರು ಸಂಪುಟಗಳ ತುಳು ನಿಘಂಟನ್ನು ರಚಿಸಿದರು. ಎರಡನೆಯದು ಫಿನ್ಲೆಂಡಿನ ತುರ್ಕು ವಿಶ್ವವಿದ್ಯಾಲಯದ ಜಾನಪದ ಪ್ರಾಧ್ಯಾಪಕ ಲೌರಿ ಹಾಂಕೊ ಅವರ ಸಂಪರ್ಕಕ್ಕೆ ಬಂದಿತು. ಕಲೇವಾಲ ಮಹಾಕಾವ್ಯವನ್ನು ರಾಷ್ಟ್ರದ ಅಭಿಮಾನದ ವಸ್ತುವನ್ನಾಗಿ ಮಾಡಿಕೊಂಡ ದೇಶದಿಂದ ಬಂದ ಹಾಂಕೊ ಅವರಿಗೆ, ಇನ್ನೂ ಜೀವಂತವಾಗಿ ಹಾಡಲ್ಪಡುತ್ತಿರುವ ಮಹಾಕಾವ್ಯದ ಪರಂಪರೆಯನ್ನು ಪ್ರತ್ಯಕ್ಷವಾಗಿ ಕಾಣಬೇಕೆಂಬ ಹಂಬಲವಿತ್ತು. ತುಳುನಾಡಿನಲ್ಲಿ ಅದು ಅವರಿಗೆ ದೊರೆಯಿತು.

ಬೆಳ್ತಂಗಡಿ ತಾಲ್ಲೂಕಿನ ಉಜಿರೆಯ ಬಳಿಯ ಮಾಚಾರಿನ ಗೋಪಾಲ ನಾಯ್ಕರು ಬೇಸಾಯದ ಬದುಕಿನವರು. ಸಿರಿಯ ಆರಾಧನೆಯಲ್ಲಿ ಪಾತ್ರಧಾರಿಯೂ ಮಾರ್ಗದರ್ಶಕರೂ ಆಗಿ ಸಿರಿಜಾತ್ರೆಗಳಲ್ಲಿ ಸ್ತ್ರೀಯರ ಗುಂಪನ್ನು ನಡೆಸುತ್ತಿದ್ದವರು. ಸಿರಿ, ಆಕೆಯ ಮಗ ಕುಮಾರ, ಮಗಳು ಸೊನ್ನೆ, ಸೊನ್ನೆಯ ಅವಳಿ ಮಕ್ಕಳಾದ ಅಬ್ಬಗ–ದಾರಗರ ಕಥೆಯನ್ನು ಅವರು 1990ರ ಡಿಸೆಂಬರಿನಲ್ಲಿ ದಾಖಲೆಗಾರರ ಮುಂದೆ ಆದ್ಯಂತವಾಗಿ ನಿರೂಪಿಸಿದರು. ಹಾಗೆ ದೊರೆತ ಪಾಠವು 15,683 ಸಾಲುಗಳದು. ಗಾತ್ರದಲ್ಲಿ ಹೋಮರನ ಇಲಿಯಡ್ ಕಾವ್ಯಕ್ಕೆ ಬಹುಮಟ್ಟಿಗೆ ಸಮಾನ. ಮಂಗಳೂರು ವಿಶ್ವವಿದ್ಯಾನಿಲಯದ ವಿವೇಕ ರೈ ಮತ್ತು ಚಿನ್ನಪ್ಪ ಗೌಡರು, ಹಾಂಕೊ ದಂಪತಿಗಳೊಡನೆ ಕುಳಿತು, ಧ್ವನಿಯನ್ನು ಅಕ್ಷರಕ್ಕಿಳಿಸುವುದು, ಸಾಲುಗಳನ್ನು ನಿರ್ಣಯಿಸುವುದು, ಒಂದೊಂದು ಪದದ ಅರ್ಥವನ್ನು ಚರ್ಚಿಸಿ ಇಂಗ್ಲಿಷಿಗೆ ತರುವುದು, ಹೀಗೆ ವರ್ಷಾನುಗಟ್ಟಲೆ ದುಡಿದರು. 1998ರಲ್ಲಿ ಹೆಲ್ಸಿಂಕಿಯಲ್ಲಿ ಮೂರು ಸಂಪುಟಗಳು ಪ್ರಕಟವಾದುವು: ಒಂದು ಅಧ್ಯಯನ, ಉಳಿದೆರಡು ಮೂಲವೂ ಅನುವಾದವೂ. ಕಾವ್ಯದ ಶೀರ್ಷಿಕೆಯಲ್ಲಿಯೇ ಗೋಪಾಲ ನಾಯ್ಕರ ಹೆಸರಿದೆ. ಸಹಕರ್ತೃಗಳಾಗಿ ಕನ್ನಡ ನಾಡಿನ ವಿದ್ವಾಂಸರ ಹೆಸರುಗಳಿವೆ. ಮೌಖಿಕ ಗಾಯಕನು ಪರಂಪರೆಯ ಕೇವಲ ವಾಹಕನಲ್ಲ, ತನ್ನ ಮನಸ್ಸಿನಲ್ಲಿ ಕಾವ್ಯದ ಸಮಗ್ರ ಪಾಠವೊಂದನ್ನು ಧರಿಸಿ ಸಂದರ್ಭಕ್ಕನುಸಾರವಾಗಿ ಅದನ್ನು ಹಿಗ್ಗಿಸಿ ಕುಗ್ಗಿಸಬಲ್ಲ ಕವಿ ಎಂಬ ಹಾಂಕೊ ಅವರ ಸಿದ್ಧಾಂತವು ಜಗತ್ತಿನ ಜಾನಪದ ವಿಚಾರದಲ್ಲಿ ಚರ್ಚೆಗೆ ವಸ್ತುವಾಯಿತು. ಆ ಸಿದ್ಧಾಂತವು ತುರ್ಕುವಿನಲ್ಲಿಯಾಗಲಿ ಮಂಗಳೂರಿನಲ್ಲಿಯಾಗಲಿ ಒಂಟಿಯಾಗಿ ಹುಟ್ಟಲಾರದು. ಮಾಚಾರಿನ ಗಾಯಕನೂ ಉಡುಪಿಯ ಕೇಂದ್ರವೂ ಅದರ ಜನ್ಮಕ್ಕೆ ಕಾರಣರು.

ದಕ್ಷಿಣದ ಜಾನಪದಕ್ಕೆ ಇಂಥದೇ ಒಂದು ಮನೆ ಮೈಸೂರಿನಲ್ಲಿ ಆಯಿತು. ಕುವೆಂಪು ಅವರು ಉಪಕುಲಪತಿಗಳಾಗಿದ್ದಾಗ ರೂಪುಗೊಂಡ ಮಾನಸಗಂಗೋತ್ರಿಯ ಆವರಣದಲ್ಲಿ, ಜಯಲಕ್ಷ್ಮೀವಿಲಾಸ ಅರಮನೆಯಲ್ಲಿ, 1968ರಲ್ಲಿ ಆರಂಭವಾದ ಜಾನಪದ ವಸ್ತುಸಂಗ್ರಹಾಲಯಕ್ಕೆ ಕಲಾವಿದ ಪಿ. ಆರ್. ತಿಪ್ಪೇಸ್ವಾಮಿ, ಜೀ. ಶಂ. ಪರಮಶಿವಯ್ಯ ಮೊದಲಾದವರು ಹಳ್ಳಿಹಳ್ಳಿ ಅಲೆದು ತೊಗಲುಬೊಂಬೆ, ಮುಖವಾಡ, ದೈವದ ವಿಗ್ರಹ, ನೇಗಿಲು ನೊಗಗಳನ್ನು ಕೂಡಿಸಿದರು. ಜೀರ್ಣವಾಗುತ್ತಿದ್ದ ಆ ಭವನವನ್ನು ಅನಂತರ ಇನ್ಫೋಸಿಸ್ ಪ್ರತಿಷ್ಠಾನದ ಧನದಿಂದ ದುರಸ್ತಿಗೊಳಿಸಲಾಯಿತು. ವಿಶ್ವವಿದ್ಯಾನಿಲಯಗಳ ಹೊರಗೆ ಸ್ವತಂತ್ರವಾಗಿ ಬೆಳೆದು ಅವುಗಳಿಗೆ ಪಾಠ ಹೇಳಿದ ಸಂಸ್ಥೆಗಳೂ ಉಂಟು. ಎಚ್. ಎಲ್. ನಾಗೇಗೌಡರು ರಾಮನಗರದ ಬಳಿ ಕಟ್ಟಿದ ಜಾನಪದ ಲೋಕ ಅಂಥದೊಂದು, ಹೆಗ್ಗೋಡಿನಲ್ಲಿ ಕೆ. ವಿ. ಸುಬ್ಬಣ್ಣನವರು ಬೆಳೆಸಿದ ರಂಗಸಂಸ್ಥೆ ನೀನಾಸಮ್ ಇನ್ನೊಂದು. ಯು. ಆರ್. ಅನಂತಮೂರ್ತಿಯವರಂಥ ಪ್ರಾಧ್ಯಾಪಕರು ನೀನಾಸಮಿನ ಸಂಸ್ಕೃತಿ ಶಿಬಿರಕ್ಕೆ ಹೋದುದು ಅಧಿಕೃತ ನಿಯೋಗದಿಂದಲ್ಲ, ಸ್ನೇಹದಿಂದ. ಆದರೂ ಕಾಲೇಜುಗಳ ತರುಣ ಅಧ್ಯಾಪಕರು ಸಾಹಿತ್ಯವನ್ನು ಓದುವ ಬಗೆಯನ್ನು ಆ ಶಿಬಿರವು ತಿದ್ದಿದಷ್ಟು ಅನೇಕ ಪುನಶ್ಚೇತನ ತರಗತಿಗಳು ತಿದ್ದಿರಲಾರವು.

ಇಪ್ಪತ್ತೊಂದನೆಯ ಶತಮಾನದಲ್ಲಿ ಸಹಯೋಗದ ಸ್ವರೂಪವು ಬದಲಾಗಿದೆ. ಬ್ರಿಟನ್ನಿನಲ್ಲಿ 2005ರಲ್ಲಿ ಸ್ಥಾಪಿತವಾದ ಕಲೆ ಮತ್ತು ಮಾನವಿಕ ಸಂಶೋಧನ ಮಂಡಲಿಯು ವಸ್ತುಸಂಗ್ರಹಾಲಯವೊಂದರಲ್ಲಿ ಕುಳಿತು ಪದವಿಗಾಗಿ ಸಂಶೋಧನೆ ಮಾಡುವವರಿಗೆ ವಿದ್ಯಾರ್ಥಿವೇತನ ಕೊಡುತ್ತದೆ. ಭಾರತದಲ್ಲಿ 2013ರ ಕಂಪನಿ ಕಾಯಿದೆಯು ನಿರ್ದಿಷ್ಟ ಮಿತಿಯನ್ನು ಮೀರಿದ ಕಂಪನಿಗಳು ತಮ್ಮ ಲಾಭದ ನೂರಕ್ಕೆ 2 ಭಾಗವನ್ನು ಸಾಮಾಜಿಕ ಕಾರ್ಯಗಳಿಗೆ ವಿನಿಯೋಗಿಸಬೇಕೆಂದು ವಿಧಿಸಿ, ಆ ಕಾರ್ಯಗಳ ಪಟ್ಟಿಯಲ್ಲಿ ಪರಂಪರೆ, ಕಲೆ, ಸಂಸ್ಕೃತಿಗಳ ರಕ್ಷಣೆಯನ್ನೂ ಸೇರಿಸಿತು. ಇನ್ಫೋಸಿಸಿನ ನಾರಾಯಣಮೂರ್ತಿಯವರ ಕುಟುಂಬವು 52 ಲಕ್ಷ ಡಾಲರುಗಳ ದತ್ತಿಯಿಂದ ಹಾರ್ವರ್ಡ್ ವಿಶ್ವವಿದ್ಯಾಲಯದ ಮುದ್ರಣಾಲಯದಲ್ಲಿ ಸ್ಥಾಪಿಸಿದ ಮೂರ್ತಿ ಅಭಿಜಾತ ಗ್ರಂಥಮಾಲೆಯು 2015ರಿಂದ ಭಾರತೀಯ ಕಾವ್ಯಗಳನ್ನು ಎದುರುಬದುರು ಪುಟಗಳಲ್ಲಿ ಮೂಲವೂ ಅನುವಾದವೂ ಇರುವಂತೆ ಪ್ರಕಟಿಸುತ್ತಿದೆ. ವನಮಾಲಾ ವಿಶ್ವನಾಥರು ಅನುವಾದಿಸಿದ ರಾಘವಾಂಕನ ಹರಿಶ್ಚಂದ್ರಕಾವ್ಯವು 2017ರಲ್ಲಿ ಆ ಮಾಲೆಯಲ್ಲಿ ಬಂದಿತು. ಬೆಂಗಳೂರಿನಲ್ಲಿ 1909ರಲ್ಲಿ ಸ್ಥಾಪಿತವಾದ ಮಿಥಿಕ್ ಸೊಸೈಟಿಯು ಬೆಂಗಳೂರು ಪ್ರದೇಶದ ಶಾಸನಶಿಲೆಗಳ ಮೂರು ಆಯಾಮದ ಚಿತ್ರಗಳನ್ನು ಯಂತ್ರದಿಂದ ತೆಗೆದು ಸಾರ್ವಜನಿಕರಿಗೆ ಒದಗಿಸುತ್ತಿದೆ. ರೈಸರ ಕಾಲದಲ್ಲಿ ಮಸಿ ಬಳಿದು ಕಾಗದದ ಮೇಲೆ ತೆಗೆದ ಅಚ್ಚಿನಲ್ಲಿ ಕಾಣದ ಸವೆದ ಅಕ್ಷರಗಳು ಇವುಗಳಲ್ಲಿ ಓದಲು ಬರುತ್ತವೆ.

ಧನವು ಬಂದೊಡನೆ ವಿದ್ಯೆ ಬೆಳೆಯುವುದೆಂದು ತಿಳಿಯುವುದು ಸರಿಯಲ್ಲ. ವಿಶ್ವವಿದ್ಯಾನಿಲಯಗಳಲ್ಲಿ ಸಂತರ, ಕವಿಗಳ, ಮುಖಂಡರ ಹೆಸರಿನಲ್ಲಿ ಸ್ಥಾಪಿತವಾದ ಪೀಠಗಳನ್ನು ಪರೀಕ್ಷಿಸಿದರೆ, ಮೂಲಧನದ ಬಡ್ಡಿಯು ವಾರ್ಷಿಕ ಉಪನ್ಯಾಸವೊಂದಕ್ಕೆ ಮಾತ್ರ ಸಾಕಾಗಿ, ಪೂರ್ಣಕಾಲದ ಸಂಶೋಧಕನೇ ಇಲ್ಲದ ಪೀಠಗಳೂ ಕಂಡುಬರುತ್ತವೆ. ನಿಘಂಟನ್ನು ಸಾಧಿಸಿದುದು ಒಂದು ಭವನವಲ್ಲ. ಐದು ದಶಕಗಳಷ್ಟು ಕಾಲ ಚೀಟಿಗಳ ಮುಂದೆ ಕುಳಿತ ಸಂಪಾದಕ ವರ್ಗ. ಸಿರಿಕಾವ್ಯವನ್ನು ಸಾಧಿಸಿದುದು ಒಂದು ಸಮಾರಂಭವಲ್ಲ. ಎಂಟು ವರ್ಷಗಳ ನಿರಂತರ ಒಡನಾಟ. ಸಹಯೋಗವನ್ನು ಯೋಜಿಸುವವರು ಜನರಿಗೆ ಸಂಬಳ ಕೊಡಲು ಹಣವನ್ನು ಮೀಸಲಿಡದೆ ಕಟ್ಟಡಕ್ಕೂ ಉದ್ಘಾಟನೆಗೂ ವ್ಯಯಿಸುವುದು ಖೇದಕರವಾದ ಸಂಗತಿ. ಮತ, ಜಾತಿ, ಪಕ್ಷಗಳ ಅಭಿಮಾನದಿಂದ ಬಂದ ದತ್ತಿಯು ಸಂಶೋಧನೆಯ ತೀರ್ಮಾನವನ್ನು ಮೊದಲೇ ಗೊತ್ತುಮಾಡಬಾರದೆಂಬ ನಿಯಮವನ್ನು ಒಡಂಬಡಿಕೆಯ ಮೊದಲ ಪುಟದಲ್ಲಿಯೇ ಬರೆಯುವುದು ಎರಡೂ ಪಕ್ಷಗಳಿಗೆ ಕ್ಷೇಮ.

ಇದಕ್ಕೂ ಸೂಕ್ಷ್ಮವಾದುದು ಸ್ವಾಮ್ಯದ ಪ್ರಶ್ನೆ. ಗಾಯಕನಿಂದ ದಾಖಲಿಸಿದ ಧ್ವನಿಯ ಪ್ರತಿಯು ಅವನ ಮನೆಗೂ ಅವನ ಊರಿನ ಶಾಲೆಗೂ ಸಲ್ಲಬೇಕು. ಆರಾಧನೆಗೆ ಸೇರಿದ ಭಾಗವನ್ನು ಬಹಿರಂಗಪಡಿಸುವ ಮುನ್ನ ಅವನ ಒಪ್ಪಿಗೆ ಬೇಕು. ಮಠದ ಓಲೆಯನ್ನು ಛಾಯಾಚಿತ್ರ ತೆಗೆದವರು ಚಿತ್ರದ ಪ್ರತಿಯನ್ನೂ ಗ್ರಂಥದ ಸೂಚಿಯನ್ನೂ ಮಠಕ್ಕೆ ಒಪ್ಪಿಸಬೇಕು. ಉಡುಪಿಯಂಥ ಪ್ರಾದೇಶಿಕ ಕೇಂದ್ರಗಳು ದಾಖಲೆಗಳನ್ನು ಅವು ಹುಟ್ಟಿದ ನಾಡಿನಲ್ಲಿಯೇ ಇರಿಸಿದುದರಿಂದ, ಮುಂದಿನ ತಲೆಮಾರಿನ ತುಳು ವಿದ್ಯಾರ್ಥಿಯು ತನ್ನ ಅಜ್ಜಿ ಹಾಡುತ್ತಿದ್ದ ಪಾಡ್ದನವನ್ನು ಕೇಳಲು ಪರದೇಶಕ್ಕೆ ಹೋಗಬೇಕಾಗಿಲ್ಲ.

ನಾಡಿನ ಹೊರಗೆ ಕನ್ನಡಕ್ಕೆ ಸ್ಥಾನ ಕಲ್ಪಿಸುವ ಸಹಯೋಗಗಳಲ್ಲಿ ಕರ್ನಾಟಕ ಸರ್ಕಾರವು ದೆಹಲಿಯ ಜವಾಹರಲಾಲ್ ನೆಹರು ವಿಶ್ವವಿದ್ಯಾಲಯದಲ್ಲಿ 2015ರಲ್ಲಿ ಸ್ಥಾಪಿಸಿದ ಕನ್ನಡ ಅಧ್ಯಯನ ಪೀಠವು ಮುಖ್ಯವಾದುದು. ಅದರ ಪ್ರಥಮ ಪ್ರಾಧ್ಯಾಪಕರಾದವರು ಜಾನಪದ ವಿದ್ವಾಂಸ ಪುರುಷೋತ್ತಮ ಬಿಳಿಮಲೆಯವರು. ಜರ್ಮನಿಯ ವ್ಯೂರ್ಟ್ಸ್‌ಬರ್ಗ್ ವಿಶ್ವವಿದ್ಯಾಲಯದಲ್ಲಿ, ತುಳು ಪಾಡ್ದನಗಳನ್ನು ಅಧ್ಯಯನ ಮಾಡಿದ ಹೈಡ್ರುನ್ ಬ್ರೂಕ್ನರ್ ಅವರ ವಿಭಾಗಕ್ಕೆ, ಸಿರಿಕಾವ್ಯದ ಸಹಕರ್ತೃ ವಿವೇಕ ರೈ ಅವರು ಸಂದರ್ಶಕ ಪ್ರಾಧ್ಯಾಪಕರಾಗಿ ಹೋಗಿ ಕನ್ನಡವನ್ನೂ ತುಳುವನ್ನೂ ಕಲಿಸಿದರು.